ಹಳೆ ಹಿಮಾಲಯನ್, ಹೊಸ ಹಿಮಾಲಯನ್: ಲಗೇಜ್ ಕಟ್ಟಿ ಓಡಿಸಿ ನೋಡಿದ ಮೇಲೆ

ಬೈಕ್ ಹೋಲಿಸುವವರು ಸಾಮಾನ್ಯವಾಗಿ ಬೆಳಗ್ಗೆ ಹೋಲಿಸುತ್ತಾರೆ. ಮೈ ಹಗುರ ಇರುತ್ತದೆ, ರಸ್ತೆ ಖಾಲಿ ಇರುತ್ತದೆ, ಹಿಂದೆ ಲಗೇಜ್ ಇರುವುದಿಲ್ಲ. ಆ ಹೊತ್ತಲ್ಲಿ ಯಾವ ಬೈಕಾದರೂ ಚೆನ್ನಾಗಿಯೇ ಅನಿಸುತ್ತದೆ. ಟೂರಿಂಗ್‌ಗೆ ಅಂತ ಬೈಕ್ ನೋಡುವಾಗ ನನಗೆ ಬೇಕಾದ ಉತ್ತರ ಸಿಗುವುದು ಸಂಜೆ. ದಿನಕ್ಕೆ ನಾನ್ನೂರು ಕಿಲೋಮೀಟರ್ ಓಡಿಸಿದರೆ, ಅದರಲ್ಲಿ ಕೊನೆಯ ನೂರು ಕಿಲೋಮೀಟರ್ ಇದೆಯಲ್ಲ, ಅಲ್ಲಿ. ಸೊಂಟ ಸೋತಿರುತ್ತದೆ, ಕಣ್ಣು ಉರಿಯುತ್ತಿರುತ್ತದೆ, ಬೆಳಕು ಕಡಿಮೆಯಾಗುತ್ತಿರುತ್ತದೆ. ಆಗ ಬೈಕ್ ನಮ್ಮಿಂದ ಎಷ್ಟು ಕೆಲಸ ಕೇಳುತ್ತದೆ, ಎಷ್ಟು ಕೆಲಸ ತಾನೇ ಮಾಡುತ್ತದೆ ಅನ್ನುವುದು ಗೊತ್ತಾಗುತ್ತದೆ.

ನನ್ನ ಹತ್ತಿರ ಇದ್ದದ್ದು ಹಳೆಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 411 ಸಿಸಿಯದು, ಬಿಎಸ್6 (ಹೊಗೆ ನಿಯಂತ್ರಣದ ನಿಯಮ) ಮಾಡೆಲ್. ಗೆಳೆಯ ಹೊಸ ಹಿಮಾಲಯನ್ 450 ತಗೊಂಡ. ನನಗೂ ಬದಲಾಯಿಸುವ ಮನಸ್ಸಿತ್ತು. ಆದರೆ ಶೋರೂಮಿನ ಸುತ್ತ ಎರಡು ಕಿಲೋಮೀಟರ್ ಟೆಸ್ಟ್ ರೈಡ್ ಮಾಡಿ ಅಷ್ಟು ದುಡ್ಡು ಕೊಡುವುದು ನನಗೆ ಸರಿ ಕಾಣಲಿಲ್ಲ. ಎರಡೂ ಬೈಕ್ ತಗೊಂಡು ಬೆಂಗಳೂರಿನಿಂದ ಆಗುಂಬೆಗೆ ಹೋಗಿ, ಕುದುರೆಮುಖದ ಮೇಲೆ ಸುತ್ತಿ ಬರೋಣ ಅಂತ ತೀರ್ಮಾನ ಮಾಡಿದೆವು.

ಮೊದಲು ಕಾಗದದ ಮೇಲಿನ ಲೆಕ್ಕ. ಹಳೆಯದು ಬಂದದ್ದು 2016ರಲ್ಲಿ, ಕಾರ್ಬ್ಯುರೇಟರ್ ಜೊತೆ. ಮರುವರ್ಷ ಫ್ಯೂಯಲ್ ಇಂಜೆಕ್ಷನ್ ಬಂತು. 2020ರಲ್ಲಿ ಬಿಎಸ್6 ಆಯಿತು, ಹಿಂದಿನ ಚಕ್ರದ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡುವ ಸ್ವಿಚ್ ಬಂತು. 2023ರ ನವೆಂಬರ್‌ನಲ್ಲಿ ಹೊಸದು ಬಂದಾಗ ಹೆಸರೊಂದು ಬಿಟ್ಟು ಬಹುತೇಕ ಎಲ್ಲ ಬದಲಾಗಿತ್ತು. ಹಳೆಯ ಇಂಜಿನ್‌ಗೆ ಗಾಳಿ ಮತ್ತು ಆಯಿಲ್ ತಂಪು ಕೊಡುತ್ತಿದ್ದವು. ಒಂದು ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್), ಐದು ಗೇರ್, 6,500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಂಜಿನ್ ಸುತ್ತು) 24.3 ಬಿಎಚ್‌ಪಿ ಬಲ, ಟಾರ್ಕ್ ಅಂದರೆ ತಿರುಗಿಸುವ ಶಕ್ತಿ 32 ಎನ್‌ಎಂ. ಹೊಸದು 452 ಸಿಸಿ, ಲಿಕ್ವಿಡ್ ಕೂಲ್ಡ್, ಎರಡು ಕ್ಯಾಮ್, ನಾಲ್ಕು ವಾಲ್ವ್, ಆರು ಗೇರ್. 8,000 ಆರ್‌ಪಿಎಂನಲ್ಲಿ 39.5 ಬಿಎಚ್‌ಪಿ, 5,500ರಲ್ಲಿ 40 ಎನ್‌ಎಂ.

ಎಲ್ಲರೂ ಬಿಎಚ್‌ಪಿ ನೋಡುತ್ತಾರೆ. ಅದಕ್ಕಿಂತ ಮುಖ್ಯ ಅಂತ ನನಗೆ ಅನಿಸಿದ್ದು ಬೇರೆ ಒಂದು ಲೆಕ್ಕ. ಹಳೆಯ ಇಂಜಿನ್ನಿನ ಬೋರ್ 78 ಮಿಮೀ, ಸ್ಟ್ರೋಕ್ 86 ಮಿಮೀ. ಪಿಸ್ಟನ್ ಅಗಲಕ್ಕಿಂತ ಅದು ಓಡಾಡುವ ದೂರ ಜಾಸ್ತಿ. ಇಂಥ ಇಂಜಿನ್ ನಿಧಾನಕ್ಕೆ ತಿರುಗುವಾಗಲೇ ಚೆನ್ನಾಗಿ ಎಳೆಯುತ್ತದೆ. ಹೊಸದರಲ್ಲಿ ಬೋರ್ 84, ಸ್ಟ್ರೋಕ್ 81.5. ಇದಕ್ಕೆ ಜೋರಾಗಿ ತಿರುಗುವುದೇ ಇಷ್ಟ. ಈ ಒಂದು ವ್ಯತ್ಯಾಸ ದಾರಿ ಉದ್ದಕ್ಕೂ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತಾ ಹೋಯಿತು.

ತೂಕದ್ದೂ ಒಂದು ಮಾತು. ಹೊಸದು ದೊಡ್ಡದಾಗಿ ಕಾಣುತ್ತದೆ, ಟ್ಯಾಂಕ್ 15 ಲೀಟರ್‌ನಿಂದ 17 ಲೀಟರ್ ಆಗಿದೆ. ಆದರೂ ಕರ್ಬ್ ತೂಕ (ಪೆಟ್ರೋಲ್, ಆಯಿಲ್ ಸೇರಿದ ತೂಕ) 199 ಕೆಜಿಯಿಂದ 196ಕ್ಕೆ ಇಳಿದಿದೆ. ಇಂಜಿನ್ ಬಲ ಅರ್ಧಕ್ಕಿಂತ ಜಾಸ್ತಿ ಏರಿ, ತೂಕ ಏರದೆ ಇರುವುದು ಸಣ್ಣ ಕೆಲಸ ಅಲ್ಲ.

ಹೋಲಿಕೆ ನ್ಯಾಯವಾಗಿ ಇರಲಿ ಅಂತ ಕೆಲವು ನಿಯಮ ಮಾಡಿಕೊಂಡೆವು. ಮನೆಯ ತೂಕದ ಯಂತ್ರದಲ್ಲಿ ಬ್ಯಾಗ್‌ಗಳನ್ನು ಇಟ್ಟು ಎರಡೂ ಬೈಕಿಗೆ ಒಂದೇ ಭಾರ ಬರುವಂತೆ ತುಂಬಿದೆವು. ಟೈರ್ ಗಾಳಿ ಬೆಳಗ್ಗೆ ತಣ್ಣಗಿರುವಾಗಲೇ ನೋಡಿ, ಆಯಾ ಬೈಕಿನ ಪುಸ್ತಕದಲ್ಲಿ ಹೇಳಿದಷ್ಟೇ ಹಾಕಿದೆವು. ಸ್ಪೀಡೋಮೀಟರ್ ನಂಬಲಿಲ್ಲ. ಬೈಕಿನ ಮೀಟರ್ ಯಾವಾಗಲೂ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಎರಡು ಬೈಕಿನ ಮೀಟರ್ ಒಂದೇ ರೀತಿ ಜಾಸ್ತಿ ತೋರಿಸುವುದೂ ಇಲ್ಲ. ಹಾಗಾಗಿ ವೇಗಕ್ಕೆ ಫೋನಿನ ಜಿಪಿಎಸ್. ಪೆಟ್ರೋಲ್ ಬಂಕಿನಲ್ಲಿ ಸೈಡ್ ಸ್ಟ್ಯಾಂಡ್ ಮೇಲೆ ತುಂಬಿಸುವಂತಿಲ್ಲ, ಬೈಕ್ ನೆಟ್ಟಗೆ ನಿಲ್ಲಿಸಿ ಒಂದೇ ಮಟ್ಟಕ್ಕೆ ತುಂಬಿಸಬೇಕು. ಪ್ರತಿ ನಿಲುಗಡೆಯಲ್ಲೂ ಬೈಕ್ ಅದಲು ಬದಲು. ಇದು ಬಹಳ ಮುಖ್ಯ. ಒಂದು ಬೈಕಿನಿಂದ ಇಳಿದು ಐದು ನಿಮಿಷಕ್ಕೆ ಇನ್ನೊಂದು ಹತ್ತಿದರೆ ಮೈಗೆ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುತ್ತದೆ. ಒಂದು ವಾರ ಬಿಟ್ಟು ಓಡಿಸಿದರೆ ನೆನಪು ಮೋಸ ಮಾಡುತ್ತದೆ.

ನೆಲಮಂಗಲ ದಾಟಿ ತುಮಕೂರು, ಶಿರಾ, ಹಿರಿಯೂರು. ರಾಷ್ಟ್ರೀಯ ಹೆದ್ದಾರಿ 48. ಟಾಪ್ ಸ್ಪೀಡ್ ಎಷ್ಟು ಅಂತ ನೋಡಲು ನಾವು ಹೋಗಿರಲಿಲ್ಲ, ಫಲಕದಲ್ಲಿರುವ ಮಿತಿ ಮೀರಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ನೋಡಬೇಕಿದ್ದದ್ದು ಇಷ್ಟು: ಏರಿನಲ್ಲಿ ಲಾರಿ ಹಿಂದೆ ಅರವತ್ತರಲ್ಲಿ ಹೋಗುವಾಗ, ಟಾಪ್ ಗೇರಿನಲ್ಲೇ ಥ್ರಾಟಲ್ ತಿರುಗಿಸಿದರೆ ಎಂಬತ್ತಕ್ಕೆ ಹೇಗೆ ಬರುತ್ತದೆ? ಹಳೆಯದು ಐದನೇ ಗೇರಿನಲ್ಲಿ ಬೇಜಾರಿಲ್ಲದೆ ಎಳೆಯುತ್ತದೆ, ಆದರೆ ಆತುರ ಪಡುವುದಿಲ್ಲ. ಲಾರಿ ದಾಟುವುದನ್ನು ಮೊದಲೇ ಯೋಚಿಸಿ ಇಟ್ಟುಕೊಳ್ಳಬೇಕು. ಹಿಂದೆ ಬರುವ ಕಾರು ಎಷ್ಟು ದೂರ ಇದೆ, ಏರು ಎಲ್ಲಿ ಮುಗಿಯುತ್ತದೆ, ನಾಲ್ಕನೇ ಗೇರಿಗೆ ಇಳಿಸಬೇಕಾ. ಹೊಸದು ಆರನೇ ಗೇರಿನಲ್ಲಿ ಒಂದು ಕ್ಷಣ ತಡ ಮಾಡುತ್ತದೆ. ಐದಕ್ಕೆ ಇಳಿಸಿದರೆ ಸಾಕು, ಲಾರಿ ಹಿಂದೆ ಉಳಿದಿರುತ್ತದೆ.

ಒಂದು ಲಾರಿಗೆ ಇದು ದೊಡ್ಡ ವಿಷಯ ಅಲ್ಲ. ಆದರೆ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಎಷ್ಟು ಲಾರಿ ದಾಟಿರುತ್ತೇವೆ ಅಂತ ಯೋಚಿಸಿ. ಪ್ರತಿ ಸಲದ ಆ ಲೆಕ್ಕಾಚಾರ ತಲೆಯಲ್ಲಿ ಕೂಡುತ್ತಾ ಹೋಗುತ್ತದೆ. ಕೈಕಾಲು ದಣಿಯುವ ಮೊದಲೇ ಗಮನ ದಣಿಯುತ್ತದೆ. ಹದಿನೈದು ಬಿಎಚ್‌ಪಿ ಜಾಸ್ತಿ ಇರುವುದರ ಬೆಲೆ ನನಗೆ ಗೊತ್ತಾದದ್ದು ಇಲ್ಲಿ. ಜೋರಾಗಿ ಹೋಗಲಿಕ್ಕೆ ಅಲ್ಲ, ಅದೇ ವೇಗದಲ್ಲಿ ನೆಮ್ಮದಿಯಾಗಿ ಹೋಗಲಿಕ್ಕೆ.

ಕಂಪನದ ಮಾತೂ ಹೇಳಲೇಬೇಕು. ಎರಡೂ ಒಂಟಿ ಸಿಲಿಂಡರ್ ಬೈಕ್‌ಗಳೇ. ಹಳೆಯದು ಎಂಬತ್ತರ ಒಳಗೆ ಮೃದುವಾಗಿದೆ, ಮೇಲೆ ಹೋದಂತೆ ಫುಟ್‌ಪೆಗ್ ಮತ್ತು ಹ್ಯಾಂಡಲ್‌ನಲ್ಲಿ ಜುಮುಜುಮು ಶುರುವಾಗುತ್ತದೆ. ಹೊಸದರಲ್ಲಿ ಆರನೇ ಗೇರ್ ಇರುವುದರಿಂದ ಹೆದ್ದಾರಿ ವೇಗದಲ್ಲಿ ಇಂಜಿನ್ ಮೇಲೆ ಒತ್ತಡ ಕಡಿಮೆ. ಕೈ ಮರಗಟ್ಟುವುದು ತಡವಾಗುತ್ತದೆ.

ಹಿರಿಯೂರು ದಾಟಿದರೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಅವನ್ನು ಅಲ್ಲಿ ಸುಮ್ನೆ ನೆಟ್ಟಿಲ್ಲ ಅಂತ ಬೈಕ್ ಸವಾರರಿಗೆ ಚೆನ್ನಾಗಿ ಗೊತ್ತು. ಪಕ್ಕದಿಂದ ಹೊಡೆಯುವ ಗಾಳಿಗೆ ಬ್ಯಾಗ್ ಕಟ್ಟಿದ ಬೈಕ್ ಓಲಾಡುತ್ತದೆ. ಎರಡಕ್ಕೂ ಮುಂದೆ 21 ಇಂಚಿನ ಚಕ್ರ, ಹಿಂದೆ 17. ಹೊಸದರ ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ದೂರ) 1,510 ಮಿಮೀ, ಹಳೆಯದು 1,465. ಹಿಂದಿನ ಟೈರ್ 120ರಿಂದ 140ಕ್ಕೆ ಅಗಲವಾಗಿದೆ, ರೇಡಿಯಲ್ ಬೇರೆ. ಗಾಳಿಯಲ್ಲಿ ಹೊಸದು ನಿಜಕ್ಕೂ ಗಟ್ಟಿಯಾಗಿ ಸಾಗಿತು. ಹಳೆಯದರಲ್ಲಿ ಗಾಳಿ ಬಂದ ಕಡೆಗೆ ಸ್ವಲ್ಪ ಹ್ಯಾಂಡಲ್ ಒತ್ತಿ ಹಿಡಿಯಬೇಕಾಗುತ್ತಿತ್ತು.

ಚಿತ್ರದುರ್ಗದಿಂದ ಹೊಳಲ್ಕೆರೆ ದಾರಿಯಲ್ಲಿ ಶಿವಮೊಗ್ಗ. ಊಟ ಆಯಿತು. ಇನ್ನು ಉಳಿದದ್ದು ನಾನು ಕಾಯುತ್ತಿದ್ದ ಭಾಗ. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ. ಪಕ್ಕದಲ್ಲಿ ತುಂಗೆ, ಮೇಲೆ ಮರಗಳ ನೆರಳು. ಎರಡು ಪಥದ ರಸ್ತೆ, ತಿರುವು ಮೇಲೆ ತಿರುವು, ಎದುರಿಗೆ ಬಸ್ಸು. ಹೆದ್ದಾರಿಯಲ್ಲಿ ಹೊಸದು ಗೆದ್ದಾಗಿತ್ತು, ಅದರಲ್ಲಿ ಅನುಮಾನ ಇರಲಿಲ್ಲ. ಇಲ್ಲಿ ಹಳೆಯದು ಗೆಲ್ಲುತ್ತದೆ ಅಂದುಕೊಂಡೇ ನಾನು ಬಂದಿದ್ದೆ.

ಅರ್ಧ ಹಾಗೆಯೇ ಆಯಿತು. ಮೂರನೇ ಗೇರಿಗೆ ಹಾಕಿ ಬಿಟ್ಟರೆ ಹಳೆಯ ಇಂಜಿನ್ ಮೂವತ್ತರಿಂದ ಅರವತ್ತರವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತದೆ. ತಿರುವಿಗೆ ಥ್ರಾಟಲ್ ಬಿಟ್ಟರೆ ಇಂಜಿನ್ನೇ ಬ್ರೇಕ್ ಹಾಕುತ್ತದೆ, ತಿರುವು ಮುಗಿದಾಗ ತಿರುಗಿಸಿದರೆ ನೊಗಕ್ಕೆ ಪಳಗಿದ ಎತ್ತಿನ ಹಾಗೆ ಸದ್ದಿಲ್ಲದೆ ಎಳೆಯುತ್ತದೆ. ಹೊಸದರಲ್ಲಿ ಹೀಗೆ ಒಂದೇ ಗೇರಿನಲ್ಲಿ ಕೂರಲು ಆಗುವುದಿಲ್ಲ. 3,000 ಆರ್‌ಪಿಎಂ ಕೆಳಗೆ ಇಂಜಿನ್ ತಡವರಿಸುತ್ತದೆ, ಒಂದು ಗೇರ್ ಇಳಿಸು ಅನ್ನುತ್ತದೆ. ಕ್ಲಚ್ ಹಗುರ, ಗೇರ್ ಬದಲಾವಣೆ ಸಲೀಸು, ಆದರೂ ಕೆಲಸ ಕೆಲಸವೇ ಅಲ್ವಾ?

ಇನ್ನರ್ಧ ನಾನು ಎಣಿಸಿದ ಹಾಗೆ ಆಗಲಿಲ್ಲ. ರಸ್ತೆ ಕಿತ್ತು ಹೋದ ಜಾಗಗಳಲ್ಲಿ ಹೊಸದರ ಸಸ್ಪೆನ್ಷನ್ ಬೇರೆಯೇ ಮಟ್ಟದ್ದು. ಹಳೆಯದರ ಮುಂದೆ 41 ಮಿಮೀ ಸಾಮಾನ್ಯ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಶಾಕ್ ಕೊಳವೆಗಳು), ಮೇಲೆ ಕೆಳಗೆ 200 ಮಿಮೀ ಓಡಾಟ. ಹಿಂದೆ 180 ಮಿಮೀ. ಹೊಸದರ ಮುಂದೆ 43 ಮಿಮೀ ಶೋವಾ ಕಂಪನಿಯ ಅಪ್‌ಸೈಡ್ ಡೌನ್ (ತಲೆಕೆಳಗಾಗಿ ಕೂರಿಸಿದ) ಫೋರ್ಕ್, ಓಡಾಟ ಎರಡೂ ಕಡೆ 200 ಮಿಮೀ. ಅಂಕಿಯಲ್ಲಿ ಮುಂದಿನದು ಒಂದೇ. ಆದರೆ ಲಗೇಜ್ ಇರುವಾಗ ಗುಂಡಿಗೆ ಬಿದ್ದರೆ ಹಳೆಯದು ಒಮ್ಮೆ ಕೂತು, ಎದ್ದು, ಮತ್ತೆ ಸ್ವಲ್ಪ ಕುಲುಕುತ್ತದೆ. ಹೊಸದು ಒಂದೇ ಸಲಕ್ಕೆ ಸುಧಾರಿಸಿಕೊಳ್ಳುತ್ತದೆ. ಬೆಳಗ್ಗೆ ಈ ವ್ಯತ್ಯಾಸ ಇದೆ ಅಂತ ಅಷ್ಟೇ ಅನಿಸಿತ್ತು. ಮುನ್ನೂರೈವತ್ತು ಕಿಲೋಮೀಟರ್ ಆದ ಮೇಲೆ ನನ್ನ ಸೊಂಟಕ್ಕೆ ಅದೊಂದೇ ವ್ಯತ್ಯಾಸ ಮುಖ್ಯವಾಗಿತ್ತು. ತೀರ್ಥಹಳ್ಳಿಯಲ್ಲಿ ಟೀ ಕುಡಿದು ಬೈಕ್ ಬದಲಾಯಿಸುವಾಗ, ಹೊಸದು ಬಿಟ್ಟುಕೊಡಲು ಗೆಳೆಯನಿಗೂ ಮನಸ್ಸಿರಲಿಲ್ಲ, ನನಗೂ ಹಳೆಯದಕ್ಕೆ ಹೋಗಲು ಮನಸ್ಸಿರಲಿಲ್ಲ. ಇಂಜಿನ್ ಬಗ್ಗೆ ದಿನವಿಡೀ ಮಾತಾಡಿದ್ದೆವು, ಕೊನೆಗೆ ತೀರ್ಪು ಕೊಟ್ಟದ್ದು ಸಸ್ಪೆನ್ಷನ್.

ಮರುದಿನ ಆಗುಂಬೆ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಕಾರ್ಕಳ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಹಳೆಯದು ಹಾಯಾಗಿ ಇಳಿಯಿತು. ಗಿಡ್ಡ ವೀಲ್‌ಬೇಸ್, ನೆಲದಿಂದ 800 ಮಿಮೀ ಸೀಟ್, ಕೆಳಗೇ ಕೂತ ಭಾರ. ಎರಡನೇ ಗೇರಿನಲ್ಲಿ ಬ್ರೇಕ್ ಅಷ್ಟಾಗಿ ಮುಟ್ಟದೆಯೇ ಇಳಿಯಬಹುದು. ಹೊಸದಕ್ಕೆ ತಿರುವಿನಲ್ಲಿ ಸ್ವಲ್ಪ ಜಾಸ್ತಿ ಜಾಗ ಬೇಕು ಅನಿಸಿತು. ಆದರೆ ಬ್ರೇಕ್ ಹಾಕಿದಾಗ ಮುಂದಿನ 320 ಮಿಮೀ ಡಿಸ್ಕ್ ಕೊಡುವ ಧೈರ್ಯ, ಹಳೆಯ 300 ಮಿಮೀ ಡಿಸ್ಕ್ ಕೊಡುವುದಿಲ್ಲ. ಸ್ಲಿಪ್ಪರ್ ಕ್ಲಚ್ ಇರುವುದರಿಂದ ಗೇರ್ ಬೇಗ ಇಳಿಸಿದರೂ ಹಿಂದಿನ ಚಕ್ರ ಜಾರುವ ಹಾಗೆ ಆಗುವುದಿಲ್ಲ. ಒದ್ದೆ ರಸ್ತೆಯಲ್ಲಿ ಇದಕ್ಕೆ ಬೆಲೆ ಇದೆ.

ಬಜಗೋಳಿಯಿಂದ ಕುದುರೆಮುಖದ ಕಡೆ ಹತ್ತುವಾಗ ಮಂಜು ಇಳಿಯಿತು. ಇಲ್ಲೊಂದು ವಿಷಯ ಗಮನಕ್ಕೆ ಬಂತು. ಹೊಸದರ ಎಲ್‌ಇಡಿ ದೀಪ ಕತ್ತಲಲ್ಲಿ ಬಹಳ ಒಳ್ಳೆಯದು, ಹಳೆಯ ಹ್ಯಾಲೋಜನ್ ಅದರ ಮುಂದೆ ಮಂಕು. ಆದರೆ ದಟ್ಟ ಮಂಜಿನಲ್ಲಿ ಆ ಬಿಳಿ ಬೆಳಕು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಹಳದಿ ಬೆಳಕಿನ ಹಳೆಯ ಬೈಕ್ ಮುಂದೆ ಹೋಯಿತು, ಹೊಸದು ಅದರ ಹಿಂಬದಿ ದೀಪ ನೋಡಿಕೊಂಡು ಬಂತು. ಮಲೆನಾಡಿನಲ್ಲಿ ಜಾಸ್ತಿ ಓಡಾಡುವವರು ಹೊಸದಕ್ಕೆ ಹಳದಿ ಫಾಗ್ ಲ್ಯಾಂಪ್ ಹಾಕಿಸಿಕೊಳ್ಳುವುದು ಒಳ್ಳೆಯದು.

ಅದೇ ದಾರಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಹೊಸದರ ನಾಲ್ಕು ಇಂಚಿನ ದುಂಡು ಪರದೆಯಲ್ಲಿ ಗೂಗಲ್ ಮ್ಯಾಪ್ ಪೂರ್ತಿ ಬರುತ್ತದೆ. ಇದು ದೊಡ್ಡ ಅನುಕೂಲ, ಫೋನನ್ನು ಹ್ಯಾಂಡಲ್‌ಗೆ ಸಿಕ್ಕಿಸಿ ಅಲುಗಿಸುವ ಕಷ್ಟ ಇಲ್ಲ. ಆದರೆ ಮ್ಯಾಪ್ ಬರುವುದು ನಮ್ಮ ಫೋನಿನಿಂದಲೇ. ಫೋನ್ ಬ್ಯಾಟರಿ ಖರ್ಚಾಗುತ್ತದೆ, ಚಾರ್ಜಿಂಗ್ ಕೇಬಲ್ ಬೇಕು. ಹೊರಡುವ ಮೊದಲೇ ಆ ಭಾಗದ ನಕ್ಷೆ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬೇಕು. ಹಳೆಯದರಲ್ಲಿ ಇರುವುದು ಮುಳ್ಳಿನ ಮೀಟರ್‌ಗಳು, ಒಂದು ದಿಕ್ಸೂಚಿ. ಕಳಸದ ಹತ್ತಿರ ಕಾಫಿ ತೋಟಗಳ ಮಧ್ಯೆ ದಾರಿ ಕವಲೊಡೆದಾಗ ನಾವು ಕೇಳಿದ್ದು ತೋಟದಿಂದ ಬರುತ್ತಿದ್ದವರನ್ನು. ಕೊಟ್ಟಿಗೆಹಾರಕ್ಕೆ ಹೋಗುವ ಒಳ್ಳೆ ದಾರಿ ಯಾವುದು ಅಂತ ಅವರಷ್ಟು ಚೆನ್ನಾಗಿ ಯಾರು ಹೇಳುತ್ತಾರೆ. ಅಲ್ಲಿ ನೀರುದೋಸೆ ತಿಂದದ್ದು ಹೋಲಿಕೆಗೆ ಸಂಬಂಧ ಇಲ್ಲದ ವಿಷಯ, ಆದರೂ ಆ ಕಡೆ ಹೋದವರು ಬಿಡಬಾರದು.

ಪೆಟ್ರೋಲ್ ವಿಷಯದಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಲಗೇಜ್ ಜೊತೆ, ಹೆದ್ದಾರಿ ಮತ್ತು ಘಾಟಿ ಸೇರಿ, ಹಳೆಯದು ಲೀಟರಿಗೆ ಮೂವತ್ತರ ಆಸುಪಾಸು ಕೊಟ್ಟಿತು, ಹೊಸದು ಒಂದೆರಡು ಕಿಲೋಮೀಟರ್ ಕಡಿಮೆ. ಟ್ಯಾಂಕ್ ಎರಡು ಲೀಟರ್ ದೊಡ್ಡದಿರುವುದರಿಂದ ಒಟ್ಟು ದೂರ ಹೊಸದಕ್ಕೇ ಜಾಸ್ತಿ. ಎರಡರಲ್ಲೂ ಬೆಂಗಳೂರಿನಿಂದ ಆಗುಂಬೆಗೆ ಒಂದು ಟ್ಯಾಂಕ್ ಲೆಕ್ಕಕ್ಕೆ ಸಾಕಾಗಬಹುದು. ಆದರೂ ನಾನು ಅರ್ಧ ಟ್ಯಾಂಕಿಗೇ ತುಂಬಿಸುವವನು. ಕಾಡಿನ ದಾರಿಯಲ್ಲಿ ಬಂಕ್ ಕಮ್ಮಿ.

ರಿಪೇರಿ ಬಗ್ಗೆ ಯೋಚಿಸಿದಾಗ ನನ್ನ ಮನಸ್ಸು ಹಳೆಯದರ ಕಡೆ ವಾಲುತ್ತದೆ. ಅದರ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಬಳಿ ಇರಬೇಕಾದ ಸಣ್ಣ ಸಂದು) ಅನ್ನು ಸ್ಪ್ಯಾನರ್ ಮತ್ತು ಆ ಸಂದು ಅಳೆಯುವ ಫೀಲರ್ ಗೇಜ್ ಇದ್ದರೆ ನಾನೇ ಸರಿ ಮಾಡುತ್ತಿದ್ದೆ. ರೇಡಿಯೇಟರ್ ಇಲ್ಲ, ಕೂಲಂಟ್ ಇಲ್ಲ, ಕಲ್ಲು ಬಡಿದು ಸೋರುವ ಭಯ ಇಲ್ಲ. ಸಣ್ಣ ಊರಿನ ಮೆಕ್ಯಾನಿಕ್ ಕೂಡ ಧೈರ್ಯವಾಗಿ ಬಿಚ್ಚುತ್ತಾರೆ. ಹೊಸದರಲ್ಲಿ ಥ್ರಾಟಲ್ ಕೂಡ ತಂತಿಯದಲ್ಲ, ಎಲೆಕ್ಟ್ರಾನಿಕ್. ಬಿಚ್ಚುವ ಕೆಲಸ ಅದು ಗೊತ್ತಿರುವವರಿಗೇ ಬಿಡಬೇಕು. ಹೊಸದು ಓಡಿಸುವವರು ರೇಡಿಯೇಟರ್ ಮುಂದೆ ಒಂದು ಗಾರ್ಡ್ ಹಾಕಿಸಿ.

ಪಂಕ್ಚರ್ ಎರಡರಲ್ಲೂ ತಲೆನೋವೇ, ಸ್ಪೋಕ್ ಚಕ್ರ, ಒಳಗೆ ಟ್ಯೂಬ್. ಹೊಸದಕ್ಕೆ 2024ರಲ್ಲಿ ಟ್ಯೂಬ್‌ಲೆಸ್ ಸ್ಪೋಕ್ ಚಕ್ರದ ಆಯ್ಕೆ ಬಂತು. ದೂರ ಹೋಗುವವರು ದುಡ್ಡು ಉಳಿಸಲು ಹೋಗದೆ ಅದನ್ನೇ ಹಾಕಿಸಿಕೊಳ್ಳಲಿ ಅನ್ನುವುದು ನನ್ನ ಅಭಿಪ್ರಾಯ. ಟ್ಯೂಬ್ ಇರುವವರು 21 ಇಂಚಿನ ಒಂದು ಟ್ಯೂಬ್ ಜೊತೆಗಿಟ್ಟುಕೊಳ್ಳಿ. ತುರ್ತಿಗೆ ಅದನ್ನೇ ಹಿಂದಿನ ಚಕ್ರಕ್ಕೂ ತುರುಕಿ ಮುಂದಿನ ಊರಿನವರೆಗೆ ನಿಧಾನಕ್ಕೆ ಹೋಗಬಹುದು.

ವಾಪಸ್ ಬರುವಾಗ ಮೂಡಿಗೆರೆ, ಬೇಲೂರು, ಹಾಸನ, ಕುಣಿಗಲ್. ಸಂಜೆ ಬೆಂಗಳೂರಿನ ಟ್ರಾಫಿಕ್ ಸೇರಿದ ಮೇಲೆ ಹಳೆಯದರ ಬೆಲೆ ಮತ್ತೆ ಏರಿತು. ತೆವಳುವ ಟ್ರಾಫಿಕ್ಕಿನಲ್ಲಿ ಹೊಸದರ ಫ್ಯಾನ್ ಓಡಿದರೆ ಕಾಲಿಗೆ ಬಿಸಿಗಾಳಿ ತಾಗುತ್ತದೆ. ಲಿಕ್ವಿಡ್ ಕೂಲ್ಡ್ ಇಂಜಿನ್ ಇರುವ ಬೈಕ್‌ಗಳಲ್ಲಿ ಇದು ಇದ್ದದ್ದೇ. ಸೀಟ್ 825 ಮಿಮೀ, ಎತ್ತರಿಸಿದರೆ 845. ಗೆಳೆಯ ಆರಡಿ, ಅವನಿಗೆ ಏನೂ ಅನಿಸುವುದಿಲ್ಲ. ನನ್ನ ಎತ್ತರ ಐದು ಅಡಿ ಆರು ಇಂಚು. ಲಗೇಜ್ ಇರುವಾಗ ಇಳಿಜಾರಿನಲ್ಲಿ ನಿಲ್ಲಿಸಿದರೆ ಪಾದದ ಮುಂಭಾಗ ಮಾತ್ರ ನೆಲಕ್ಕೆ ತಾಗುತ್ತಿತ್ತು. 805 ಮಿಮೀ ತಗ್ಗಿನ ಸೀಟ್ ಬೇರೆಯಾಗಿ ಸಿಗುತ್ತದೆ. ಅದು ಹಾಕಿಸಿದರೆ ಹಳೆಯದಕ್ಕೂ ಇದಕ್ಕೂ ಅಂಥ ವ್ಯತ್ಯಾಸ ಇರುವುದಿಲ್ಲ.

ಇಷ್ಟೆಲ್ಲ ಆದರೂ ನಾನು ತೀರ್ಮಾನ ಮಾಡಿರಲಿಲ್ಲ. ನನ್ನ ಪ್ರಯಾಣಗಳಲ್ಲಿ ಹೆಚ್ಚಿನವು ಹೆಂಡತಿ ಜೊತೆಗೆ. ಬೈಕಿನ ಹಿಂದಿನ ಸೀಟಿನಲ್ಲಿ ಕೂರುವವರಿಗೆ ಹ್ಯಾಂಡಲ್ ಹಿಡಿಯುವ ಸಂತೋಷ ಇಲ್ಲ, ಗುಂಡಿ ಬರುವುದು ಮೊದಲೇ ಗೊತ್ತಾಗುವುದೂ ಇಲ್ಲ. ಅವರ ಮಾತು ಕೇಳದೆ ಟೂರಿಂಗ್ ಬೈಕ್ ತಗೊಳ್ಳುವುದು ಸರಿಯಲ್ಲ. ಗೆಳೆಯ ಒಂದು ಭಾನುವಾರ ಬೈಕ್ ಕೊಟ್ಟ. ಇಬ್ಬರ ಭಾರಕ್ಕೆ ತಕ್ಕಂತೆ ಹಿಂದಿನ ಶಾಕ್‌ನ ಪ್ರೀಲೋಡ್ (ಸ್ಪ್ರಿಂಗ್ ಬಿಗಿ) ಏರಿಸಿ, ಟೈರ್ ಗಾಳಿ ಸರಿ ಮಾಡಿ, ಹಾಸನದವರೆಗೆ ಹೋಗಿ ಬಂದೆವು. ಅವಳಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ಹೋಗುವಾಗ ಯಡಿಯೂರಿನಲ್ಲಿ ಇಳಿದು ಕಾಲು ಆಡಿಸೋಣ ಅಂತ ನಾನು ಅಂದೆ. ಪರವಾಗಿಲ್ಲ, ಮುಂದೆ ಹೋಗೋಣ ಅಂದಳು. ಹಳೆಯದರಲ್ಲಿ ನಿಲ್ಲಿಸಿ ಅಂತ ಮೊದಲು ಹೇಳುತ್ತಿದ್ದವಳು ಅವಳೇ. ಬರುವಾಗ ಸಂಜೆಯಾಗಿತ್ತು. ಬೆನ್ನು ಹೇಗಿದೆ ಅಂತ ಕೇಳಿದೆ. ಇನ್ನೂ ಒಂದು ಗಂಟೆ ಕೂರಬಹುದು, ಆದರೆ ಹತ್ತುವಾಗ ಕಾಲು ಎತ್ತುವುದು ಕಷ್ಟ, ಬ್ಯಾಗ್ ಸ್ವಲ್ಪ ಹಿಂದೆ ಕಟ್ಟಿ ಅಂದಳು.

ಆ ವಾರವೇ 450 ಬುಕ್ ಮಾಡಿದೆ. ತಗ್ಗಿನ ಸೀಟ್, ಟ್ಯೂಬ್‌ಲೆಸ್ ಚಕ್ರ, ರೇಡಿಯೇಟರ್ ಗಾರ್ಡ್, ಹಳದಿ ಫಾಗ್ ಲ್ಯಾಂಪ್ ಸೇರಿಸಿ ಲೆಕ್ಕ ಹಾಕಿಸಿದೆ. ಹಳೆಯದನ್ನು ಮಾರಲಿಲ್ಲ. ಮೂಡಿಗೆರೆ ಹತ್ತಿರ ತೋಟ ಇರುವ ಭಾವಮೈದುನ ಕೇಳಿದ, ಅವನಿಗೇ ಕೊಟ್ಟೆ. ತೋಟದ ಮಣ್ಣಿನ ಏರಿನಲ್ಲಿ, ಎರಡನೇ ಗೇರಿನಲ್ಲಿ, ಮೂಟೆ ಹೇರಿಕೊಂಡು ನಿಧಾನಕ್ಕೆ ಹತ್ತುವ ಕೆಲಸಕ್ಕೆ ಇವತ್ತಿಗೂ ನಾನು ಆರಿಸುವುದು ಆ 411 ಅನ್ನೇ.